ಕ್ಲಚ್ಚಿನ ಗಾಳಿ, ಅವ್ವನ ಬಳಿ

ಬ್ರೇಕ್ ಆಯಿಲಿನ ವಾಸನಿ ಚಲೋ ವಾಸನಿ ಏನಲ್ಲ. ಮೂಗಿಗೆ ಬಡೀತೈತಿ, ಕೈಗೆ ಹತ್ತಿದರ ಸಬಕಾರಕ್ಕೂ ಲಗೂ ಹೋಗೂದಿಲ್ಲ. ಮೊನ್ನೆ ನನ್ನ ಮಗ ಅಂಗಳದಾಗ ಕಾರಿನ ಕ್ಲಚ್ಚಿನ ಗಾಳಿ ತಗೀಲಿಕ್ಕೆ ಕುಂತು ಅದೇ ಎಣ್ಣಿ ಡಬ್ಬಿ ತಗದ. ವಾಸನಿ ಅಡಿಗಿಮನಿತನಕ ಬಂತು. ನಾ ರೊಟ್ಟಿ ಬಡಿಯೂದು ನಿಲ್ಲಿಸಿದೆ.

ನರೇಗಲ್ಲಿನ ನಮ್ಮ ಮನೀ ಮುಂದ ಅಪ್ಪನ ಬಾಡಿಗಿ ಕಾರು ನಿಲ್ಲತಿತ್ತು. ಹಳೇ ಗಾಡಿ. ಕ್ಲಚ್ಚಿನ ನಳಗ್ಯಾಗ ಆಗಾಗ ಗಾಳಿ ಹೊಕ್ಕು, ಪೆಡಲ್ ತುಳದರ ಹಸೀ ಹಿಟ್ಟಿನಂಗ ಒಳಗ ಹೋಗಿಬಿಡತಿತ್ತು, ಗೇರ್ ಬೀಳತಿದ್ದಿಲ್ಲ. ಗಾಳಿ ತಗೀಲಿಕ್ಕೆ ಇಬ್ಬರು ಬೇಕು. ಅವ್ವ ಮ್ಯಾಲ ಕುಂತು ಪೆಡಲ್ ತುಳದು ಹಿಡಿಯಾಕಿ, ಅಪ್ಪ ಕೆಳಗ ಮಲಗಿ ಪಾನಾದಲೆ ತಿರುಪು ಸಡಿಲ ಮಾಡಾಂವ, ಗುಳ್ಳಿ ಗುಳ್ಳಿ ಎಣ್ಣಿ ಬಾಟ್ಲಿಗೆ ಇಳಿಯೂದು. ತಿರುಪು ಬಿಗಿ ಮಾಡಿ ಅಂವ “ಬಿಡು” ಅಂದ ಮ್ಯಾಲೇ ಕಾಲು ಎತ್ತಬೇಕು. ಮೊದಲ ಎತ್ತಿದರ ಹೊರಗಿನ ಗಾಳಿ ಮತ್ತ ಒಳಗ. ತುಳದು ಹಿಡದದ್ದನ್ನ ಮ್ಯಾಲಿನವರು ಕೂಗಿ ಹೇಳಬೇಕು. ಆದರ ಕಟ್ಟಿ ಮ್ಯಾಲ ಅಜ್ಜ ಕುಂತಿರತಿದ್ದ. ಮಾವನ ಎದುರಿಗೆ ಗಂಡನ ಜೋಡಿ ಸೊಸಿ ಮಾತಾಡೂದು ನಮ್ಮ ಮನ್ಯಾಗ ಇದ್ದಿಲ್ಲ. ಅದಕ್ಕ ಅವ್ವ ಪೆಡಲ್ ತುಳದು ಹಿಡದಳಂದರ, ಬಳಿ ಕೈ ಸ್ಟೇರಿಂಗಿಗೆ ಎರಡು ಸಲ ಬಡಿಯಾಕಿ. ಕಿಣ್ ಕಿಣ್. ಕೆಳಗ ಪಾನಾ ತಿರುಗತಿತ್ತು. ಹಗಲಿನ್ಯಾಗ ಅವರಿಬ್ಬರೂ ಮಾತಾಡಿದ್ದು ಅಂತ ನಾ ಕೇಳಿದ್ದು ಇಷ್ಟ. ನಿಮ್ಮ ಮನ್ಯಾಗೂ ಹಿಂಥಾದೊಂದು ಸಪ್ಪಳ ಇದ್ದಿರಬೇಕು. ಈಗ ಹುಡುಕಿದರ ಸಿಗೂದಿಲ್ಲ.

ನನಗಾಗ ಹತ್ತು ವರ್ಷ. ಒಂದು ಮಧ್ಯಾಹ್ನ ಅವ್ವಗ ಹೆರಿಗಿ ನೋವು ಬಂತು. ಕೂಸು ಅಡ್ಡ ಐತಿ, ರೋಣದ ದವಾಖಾನಿಗೆ ಒಯ್ಯಿರಿ ಅಂದ್ಲು ಸೂಲಗಿತ್ತಿ. ಅವ್ವನ್ನ ಹಿಂದಿನ ಸೀಟಿನ್ಯಾಗ ಮಲಗಿಸಿದರು. ಅಪ್ಪ ಕ್ಲಚ್ ತುಳದ. ಪೆಡಲ್ ತಳಾ ಮುಟ್ಟಿತು, ಗೇರ್ ಬೀಳಲಿಲ್ಲ. ಬಸ್ಸು ಇದ್ದದ್ದು ಸಂಜಿಗೆ. ಅಪ್ಪ ನನ್ನನ್ನ ಮುಂದಿನ ಸೀಟಿಗೆ ಕುಂಡ್ರಿಸಿ ತಾ ಕೆಳಗ ಹೊಕ್ಕ. ಕಾಲು ಎಟಕಲಿಲ್ಲಂತ ಸೀಟಿನ ತುದಿಗೆ ಜಾರಿ ತುಳದೆ. ಹಿಂದ ಅವ್ವ ನರಳಿದ ಕೂಡಲೆ ಹೊಳ್ಳಿ ನೋಡಿದೆ, ಕಾಲು ಎದ್ದುಬಿಡ್ತು.

“ಏ ಹುಚ್ಚಿ! ಗಾಳಿ ಹೊಕ್ತಲ್ಲ! ತುಳದು ಹೇಳು, ನಾ ಬಿಡು ಅನ್ನೂತನ ಕಲ್ಲಿನಂಗ ಇರು!” ಅಂತ ಅಪ್ಪ ಕೆಳಗಿಂದ ಒದರಿದ.

ಮತ್ತ ತುಳದೆ. ಅಳು ಬಂದು ಬಾಯಿಂದ ಮಾತು ಹೊರಡಲಿಲ್ಲ. ಆಗ ನನ್ನ ಬೆನ್ನ ಹಿಂದ, ಬಾಗಿಲ ತಗಡಿಗೆ, ಕಿಣ್ ಕಿಣ್. ಅವ್ವ ಸೀಟಿನ ಸಂದಿನಿಂದ ನನ್ನ ಕಾಲು ನೋಡಿ, ಹಲ್ಲು ಕಚ್ಚಿ, ಬಳಿ ಬಡದಿದ್ಲು. ಪಾನಾ ತಿರುಗಿತು. ಅಜ್ಜ ಕಟ್ಟಿ ಇಳದು ಬಂದ. “ಬಾಯಿಲೆ ಹೇಳ ಯವ್ವಾ, ಇವತ್ತ ನಾ ಕಿವುಡ,” ಅಂದ. ಆದರೂ ಮುಂದ ನಾ ತುಳದ ಐದೂ ಸಲ ಅವ್ವ ಬಳಿನೇ ಬಡದ್ಲು. ಎರಡು ಒಡದು ಕೈ ಕೊಯ್ದುವು. ಪೆಡಲ್ ಗಟ್ಟಿ ಆತು.

ತಂಗಿ ರೋಣದಾಗ ಹುಟ್ಟಿದ್ಲು. ಅವ್ವನೂ ಉಳದ್ಲು. ಅಪ್ಪ ಸತ್ತ ದಿನ ಅವ್ವನ ಬಳಿ ಒಡದರು. ಕಾರು ಭಾಳ ದಿನ ಅಂಗಳದಾಗ ನಿಂತಿತ್ತು. ಈಗ ನರೇಗಲ್ಲಿನ ಆ ಅಂಗಳನೂ ಇಲ್ಲ.

“ಅವ್ವಾ, ಪೆಡಲ್ ತುಳಿ ಬಾ,” ಅಂತ ಮಗ ಕರದ. ಹಿಟ್ಟಿನ ಕೈ ತೊಳಕೊಂಡು ಹೋಗಿ ಕುಂತೆ. ತುಳದು ಹಿಡದೆ. ಕೈ ತಾನಾಗೇ ಸ್ಟೇರಿಂಗಿಗೆ ಎರಡು ಸಲ ಬಡೀತು. ನಮ್ಮನಿಯವರು ಹೋದಾಗಿಂದ ನನ್ನ ಕೈಯಾಗೂ ಬಳಿ ಇಲ್ಲ; ಸಪ್ಪಳ ಬರಲಿಲ್ಲ.

“ತುಳದೀ ಏನವಾ? ಬಾಯಿಲೆ ಹೇಳ!” ಅಂದ ಮಗ ಕೆಳಗಿಂದ.

“ತುಳದು ಹಿಡದೀನಿ,” ಅಂದೆ, ಓಣಿ ತುಂಬ ಕೇಳುವಂಗ. ಅವ್ವ ಆ ಕಾರಿನ್ಯಾಗ ಕುಂತು ಒಮ್ಮೆನೂ ಅನ್ನದ ಮಾತು.