ಬೆನ್ನ ಹಿಂದೆ ಯಾರೋ ಇದ್ದಾರೆ

ಡಚ್ಚರ ನಾಡಿನ ನ್ಯೂವೆಗೈನ್ ಪಟ್ಟಣದ ಕಾಲುವೆ ಪಕ್ಕದ ಮೈದಾನದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಗೋಲ್‌ಪೋಸ್ಟಿಗೆ ಒಂದೇ ಕಾಲು ಕಾಣುತ್ತಿದೆ. ಸಿನಿಮಾ ಆಗಿದ್ದರೆ ನಾಯಕಿ ಈ ಮಂಜನ್ನು ಸೀಳಿಕೊಂಡು ಬರಬೇಕು, ಕೂದಲು ಹಾರಬೇಕು, ಹಿಂದೆ ತಮಟೆ ಬಡಿಯಬೇಕು. ಇಲ್ಲಿ ವೀಬ್ಕೆ ಟ್ಯಾಮೆನ್ ಸೈಕಲ್ಲಿಗೆ ಬೀಗ ಹಾಕಿ, ಮೂಗು ಒರೆಸಿಕೊಳ್ಳುತ್ತಾ ಬರುತ್ತಾಳೆ. ಕೂದಲು ಟೋಪಿಯೊಳಗಿದೆ. ಎಂಟ್ರಿ ನೋಡಲು ಬಂದ ಅಭಿಮಾನಿಗಳೆಂದರೆ ಎರಡು ಬಾತುಕೋಳಿ.

ಗೋಡೆಗೆ ಚೆಂಡು ಒದೆಯುತ್ತಾಳೆ. ಅದು ವಾಪಸ್ ಬರುವಷ್ಟರಲ್ಲಿ ಎಡಭುಜದ ಮೇಲಿಂದ ಹಿಂದೆ ನೋಡುತ್ತಾಳೆ. ಯಾರೂ ಇಲ್ಲ. ಮತ್ತೆ ಒದೆಯುತ್ತಾಳೆ, ಮತ್ತೆ ನೋಡುತ್ತಾಳೆ. ಚೆಂಡು ಕಾಲಿಗೆ ತಾಗುವ ಮುಂಚೆ ಹಿಂದೆ ಯಾರಿದ್ದಾರೆಂದು ನೋಡುವುದು ಮಿಡ್‌ಫೀಲ್ಡರ್ ಕೆಲಸ, ಸರಿ. ಆದರೆ ಈಕೆ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲು ಎತ್ತಿಕೊಳ್ಳುವಾಗಲೂ ನೋಡುತ್ತಾಳೆ. ಹಲ್ಲುಜ್ಜುವಾಗಲೂ.

"ಕನ್ನಡಿ ಎದುರಿಗೇ ಇರುತ್ತೆ. ಹಿಂದೆ ಯಾರೂ ಇಲ್ಲ ಅಂತ ಅದ್ರಲ್ಲೇ ಕಾಣುತ್ತೆ. ಆದ್ರೂ ತಿರುಗಿ ನೋಡ್ತೀನಿ" ಎನ್ನುತ್ತಾಳೆ.

ವೀಬ್ಕೆ ಗಡಿಯಾಚೆ ಜರ್ಮನಿಯ ಲೇರ್ ಪಟ್ಟಣದವಳು. ಇಪ್ಪತ್ತು ತುಂಬುವಾಗ ಇಲ್ಲಿಗೆ ಆಡಲು ಬಂದಳು, ಈಗ ಮೂವತ್ತಮೂರು. ಜರ್ಮನಿಯ ಅಂಗಿ ತೊಟ್ಟದ್ದು ಕಿರಿಯರ ಶಿಬಿರದಲ್ಲಿ ಒಂದೇ ಸಲ, ಅದನ್ನೂ ಸಂಜೆ ವಾಪಸ್ ಇಸಿದುಕೊಂಡರು. ಗೋಲು ಹೊಡೆದವಳ ಫೋಟೊ ಬರುತ್ತದೆ, ಗೋಲು ತಡೆದವಳದೂ ಬರುತ್ತದೆ. ನಡುವೆ ನಿಂತು ಎದುರಾಳಿಯ ಕಾಲಿಂದ ಚೆಂಡು ಕಿತ್ತು ಇನ್ನೊಬ್ಬಳಿಗೆ ದಾಟಿಸಿದವಳ ಮೊಣಕೈ ಮಾತ್ರ ಫೋಟೊದ ಅಂಚಿನಲ್ಲಿರುತ್ತದೆ. ಬೆಳಗಿನ ಅಭ್ಯಾಸ ಮುಗಿದರೆ ಪಾರ್ಸೆಲ್ ಗೋದಾಮಿನಲ್ಲಿ ಡ್ಯೂಟಿ. ಅಲ್ಲಿಯವರಿಗೆ ಈಕೆ ಫುಟ್‌ಬಾಲ್ ಆಡುತ್ತಾಳೆಂಬುದೇ ಗೊತ್ತಿಲ್ಲ, ಕುಂಟುತ್ತಾಳೆಂಬುದು ಗೊತ್ತು.

ಆ ಕುಂಟುವಿಕೆಗೆ ಕಾರಣ ರಾಟರ್‌ಡ್ಯಾಮ್‌ನ ಒಂದು ಪಂದ್ಯ. ಎದುರಾಳಿ ಗೋಲಿನ ಕಡೆ ಬೆನ್ನು ಮಾಡಿ ಚೆಂಡು ಪಡೆಯುವವಳಿಗೆ ಜೊತೆಯವರ ಕೂಗೇ ಕಣ್ಣು. ಹಿಂದೆ ಜಾಗ ಖಾಲಿ ಇದ್ದರೆ "ಡ್ರಾಯ್!" ಎಂದು ಕೂಗುತ್ತಾರೆ, ಡಚ್ಚಿನಲ್ಲಿ ತಿರುಗು ಎಂದರ್ಥ. ಅವತ್ತೂ ಯಾರೋ ಕೂಗಿದರು. ವೀಬ್ಕೆ ತಿರುಗಿದಳು. ಜಾಗ ಖಾಲಿ ಇರಲಿಲ್ಲ. ಎಡಮಂಡಿಯೊಳಗೆ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು.

"ಕೂಗಿದ್ದು ನಮ್ಮೋಳಲ್ಲ, ಎದುರಾಳಿ. ನನ್ನ ಯಾಮಾರಿಸೋಕೆ. ಬಿದ್ದಾಗ ಅವಳ ಮುಖ ನೋಡಿದೆ, ಬೆಳ್ಳಗಾಗಿಬಿಟ್ಟಿತ್ತು. ಇಷ್ಟಾಗುತ್ತೆ ಅಂತ ಅವಳಿಗೂ ಗೊತ್ತಿರ್ಲಿಲ್ಲ."

ಮಂಡಿ ಹೊಲಿದ ಡಾಕ್ಟರು ಒಂದೇ ಮಾತು ಹೇಳಿದರು: ಇನ್ನೊಮ್ಮೆ ಹರಿದರೆ ಆಟ ಮುಗಿಯಿತು. ಆಗ ಆಡುತ್ತಿದ್ದ ದೊಡ್ಡ ಕ್ಲಬ್ಬು ಕೈಬಿಟ್ಟಿತು, ನ್ಯೂವೆಗೈನ್‌ನ ಈ ಚಿಕ್ಕ ಕ್ಲಬ್ಬು ಕರೆಯಿತು. ಮೈದಾನಕ್ಕೆ ಮರಳಿದ ಮೇಲೆ ತಂಡದಲ್ಲೇ ಅತಿ ಕಡಿಮೆ ತಪ್ಪು ಪಾಸು ಈಕೆಯದು. 'ಬಂಡೆ ಮರಳಿತು' ಎಂದು ಕ್ಲಬ್ಬಿನವರು ಹಾಡಿ ಹೊಗಳಿದರು. ಬಂಡೆ ಒಳಗೊಳಗೇ ಗಡಗಡ ನಡುಗುತ್ತಿತ್ತು. ಚೆಂಡು ಬಂದರೆ ತಿರುಗುವುದಿಲ್ಲ, ಬಂದ ದಾರಿಗೇ ಹಿಂದಕ್ಕೆ ಒದ್ದುಬಿಡುತ್ತಾಳೆ. ಹಿಂದಕ್ಕೆ ಕೊಟ್ಟ ಪಾಸು ತಪ್ಪುವುದಾದರೂ ಹೇಗೆ?

ಗುಟ್ಟು ಗೊತ್ತಿದ್ದದ್ದು ಆ ಚೆಂಡುಗಳೆಲ್ಲ ಬಂದು ಬೀಳುತ್ತಿದ್ದ ಡಿಫೆಂಡರ್‌ಗೆ. ಆಕೆ ಧಾರವಾಡದ ಗಾನವಿ, ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿರುವವಳು. ಇಬ್ಬರ ಮಾತು ನಡೆಯುವುದು ಇಂಗ್ಲಿಷಿನಲ್ಲಿ. ಗಾನವಿಯದು ಧಾರವಾಡದ ಇಂಗ್ಲಿಷ್, ಸಿಟ್ಟು ಬಂದರೆ ಬರೀ ಧಾರವಾಡ.

"ನಾ ಡಿಫೆಂಡರ್ರೋ, ನಿನ್ನ ಗೋದಾಮೋ? ಎಲ್ಲಾ ಪಾರ್ಸೆಲ್ ನನಗ ವಾಪಸ್ ಕಳಸ್ತಿಯಲ್ಲವಾ!" ಎಂದು ಮಂಜಿನೊಳಗಿಂದಲೇ ಶುರು ಮಾಡುತ್ತಾಳೆ, ಸೈಕಲ್ ಇಳಿಯುವ ಮೊದಲೇ.

"ತಮಾಷೆ ಬೇಡ. ಕೋಚ್‌ಗೂ ಗೊತ್ತಾಗಿದೆ. ಈ ಶನಿವಾರ ಮುಂದಕ್ಕೆ ಆಡ್ಬೇಕು, ಇಲ್ಲಾಂದ್ರೆ ಜಾಗ ಇನ್ನೊಬ್ಬಳಿಗೆ ಅಂದ್ರು."

"ಹಂಗಾರ ತಿರುಗು."

"ಯಾರ ಮಾತು ನಂಬ್ಕೊಂಡು ತಿರುಗ್ಲಿ?"

ಗಾನವಿ ಸೈಕಲ್ಲನ್ನು ಗೋಡೆಗೊರಗಿಸಿ ಚೆಂಡನ್ನು ತನ್ನ ಕಾಲಡಿ ಎಳೆದುಕೊಂಡಳು. ಆಮೇಲೆ ಅಂದಳು: "ಡ್ರಾಯ್ ಅಂತ ಯಾರರ ಒದರಬಹುದು. ಆ ಮೈದಾನದಾಗ 'ಹೊಳ್ಳು' ಅನ್ನಾಕಿ ನಾ ಒಬ್ಬಾಕಿನ. ನಮ್ಮ ಕಡೆ ತಿರುಗು ಅನ್ನಾಕ ಹಂಗ ಅಂತಾರ. ಅದಷ್ಟು ಕೇಳಿದ್ರ ತಿರುಗು. ಉಳಿದದ್ದೆಲ್ಲಾ ನಾಯಿ ಬೊಗಳಿಧಂಗ."

"ನೀನೂ ತಪ್ಪಾಗಿ ನೋಡಿದ್ರೆ?"

"ಅವರು ಚೆಂಡ್ ಕಸ್ಕೊಂಡು ಓಡಿ ಬರೂದು ಯಾರ ಮ್ಯಾಲ? ನನ್ನ ಮ್ಯಾಲನ. ನನಗೇನು ಹುಚ್ಚ ಹಿಡದೈತೇನ?"

ಗಾನವಿ ಚೆಂಡು ಒದ್ದು "ಹೊಳ್ಳು!" ಎಂದು ಕಿರುಚುತ್ತಾಳೆ. ಬಾತುಕೋಳಿಗಳು ಥಟ್ಟನೆ ಹೊಳ್ಳುತ್ತವೆ. ವೀಬ್ಕೆ ಕಲ್ಲಿನಂತೆ ನಿಂತುಬಿಡುತ್ತಾಳೆ. ಹಿಂದಿರುವುದು ಬರೀ ಮಂಜು. ಆದರೂ ಎಡಗಾಲು ನೆಲಕ್ಕೂರಲು ಮೈ ಒಪ್ಪುವುದಿಲ್ಲ. ವಾರವಿಡೀ ಬೆಳಿಗ್ಗೆ ಇದೇ ಕಥೆ. ಶುಕ್ರವಾರ ಅರ್ಧ ತಿರುಗುತ್ತಾಳೆ.

ಶನಿವಾರ ಇದೇ ಮೈದಾನ, ಬಂದಿರುವುದು ಅದೇ ರಾಟರ್‌ಡ್ಯಾಮ್‌ನ ತಂಡ. ಮೊದಲರ್ಧದಲ್ಲಿ ಎಲ್ಲವೂ ಹಿಂದಕ್ಕೇ. ಕೋಚ್ ಬದಲಿ ಆಟಗಾರ್ತಿಯನ್ನು ಎಬ್ಬಿಸಿ ಗೆರೆಯ ಪಕ್ಕ ಓಡಾಡಲು ಕಳಿಸುತ್ತಾರೆ. ವೀಬ್ಕೆ ಅದನ್ನೂ ನೋಡುತ್ತಾಳೆ. ನೋಡುವುದೇ ಆಕೆಯ ಚಟವಲ್ಲವೆ.

ಇಂಟರ್‌ವಲ್ ಆದಮೇಲೆ ಚೆಂಡು ಮತ್ತೆ ಆಕೆಯತ್ತ ಉರುಳಿ ಬರುತ್ತದೆ. "ಡ್ರಾಯ್!" ಎನ್ನುತ್ತದೆ ಒಂದು ದನಿ. ನಮ್ಮವರದೋ ಅವರದೋ ಗೊತ್ತಾಗುವುದಿಲ್ಲ. ಮಂಡಿ ಬಿಗಿಯುತ್ತದೆ, ಆ ಕಡ್ಡಿ ಮುರಿದ ಸದ್ದು ಕಿವಿಯೊಳಗೆ ಕೇಳಿಸುತ್ತದೆ. ಹಿಂದಕ್ಕೆ ಒದೆಯಲು ಕಾಲು ಎತ್ತಿಯೂ ಆಗಿದೆ.

"ಹೊಳ್ಳವಾ, ಹೊಳ್ಳು!"

ವೀಬ್ಕೆ ಕಣ್ಣು ಮುಚ್ಚಿ ಎಡಗಾಲೂರಿ ತಿರುಗುತ್ತಾಳೆ. ಕಣ್ಣು ಬಿಟ್ಟರೆ ಎದುರಿಗೆ ಹಸಿರು, ಖಾಲಿ. ಮಂಡಿ ನಿಂತಿದೆ. ಮುಂದಿನವಳಿಗೆಂದು ಉದ್ದಕ್ಕೆ ಹೊಡೆದ ಚೆಂಡು ಅವಳ ತಲೆ ದಾಟಿ, ಬೇಲಿ ದಾಟಿ, ಬುಳುಂಕ್ ಎಂದು ಕಾಲುವೆಗೆ ಬೀಳುತ್ತದೆ. ಜನ ಉಸ್ಸೆನ್ನುತ್ತಾರೆ. ಗಾನವಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕೋಚ್ ಬದಲಿ ಆಟಗಾರ್ತಿಗೆ ಕೂತುಕೋ ಎಂದು ಕೈಸನ್ನೆ ಮಾಡುತ್ತಾರೆ.

ಪಂದ್ಯ ಮುಗಿದ ಮೇಲೆ ಉದ್ದ ಕೋಲಿನ ಬಲೆ ಹಿಡಿದು ಕಾಲುವೆ ದಂಡೆಗೆ ಬರುವುದು ವೀಬ್ಕೆಯೇ. ನೀರಿಗೆ ಹೊಡೆದವರೇ ಎತ್ತಬೇಕೆಂಬುದು ಇಲ್ಲಿಯ ಪದ್ಧತಿ. ಬಗ್ಗುವ ಮುಂಚೆ ಎಡಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾಳೆ. ಹೆದರಿಕೆ ಎಲ್ಲಿಗೂ ಹೋಗಿಲ್ಲ.

"ಎಷ್ಟೋ ತಿಂಗಳಾದ್ಮೇಲೆ ನನ್ನದೊಂದು ಪಾಸ್ ತಪ್ಪಾಯ್ತು" ಎನ್ನುತ್ತಾಳೆ, ಒದ್ದೆ ಚೆಂಡನ್ನು ಅಂಗಿಗೆ ಒರೆಸುತ್ತಾ. "ಮುಂದಕ್ಕೆ ಕೊಟ್ಟಿದ್ದು ಅದು."