ಜೊಂಡಿಗೆ ಹಾಕಿದ ಗಂಟು

ಅಕ್ಕ ತೀರಿಕೊಂಡು ಇವತ್ತಿಗೆ ಹದಿನಾರು ದಿನ. ಬಂದವರೆಲ್ಲ ಅವಳ ಕೈರುಚಿಯನ್ನು, ಅವಳು ಹೆಣೆದ ಚಾಪೆಗಳನ್ನು ನೆನೆದು ಹೋದರು. ಹಕ್ಕಿಯ ಮಾತು ಯಾರೂ ಎತ್ತಲಿಲ್ಲ. ನನಗೆ ಹೆಮ್ಮೆ ಇರುವುದು ಅದರ ಬಗ್ಗೆಯೇ. ಕಂಡವರಲ್ಲಿ ಉಳಿದಿರುವವಳು ಬಹುಶಃ ನಾನೊಬ್ಬಳೇ.

ಐವತ್ತರ ದಶಕದ ಕೊನೆಯ ವರ್ಷಗಳು. ಸಾರಕ್ಕಿ ಆಗ ಹಳ್ಳಿ; ಕೆರೆಯಂಚಿಗೆಲ್ಲ ಆಳೆತ್ತರದ ಜೊಂಡು. ಮಳೆಗಾಲ ಮುಗಿದ ಮೇಲೆ ಹೆಂಗಸರು ಸಾಲಾಗಿ ನಿಂತು ಚಾಪೆಗೆಂದು ಅದನ್ನು ಕೊಯ್ಯುತ್ತಿದ್ದರು. ಆ ಹೊತ್ತಿಗೂ ಒಳಗೆ ಉಲಿಯಕ್ಕಿಗಳ ಕೊನೆಯ ಮರಿಗಳು ಇರುತ್ತಿದ್ದವು. ಹೆಬ್ಬೆರಳಿನಷ್ಟು ಹಕ್ಕಿ, ಹಿಡಿಯಷ್ಟು ಗೂಡು. ಕೊಯ್ಯುವವರ ಕಣ್ಣಿಗೆ ಬೀಳುವುದಿಲ್ಲ.

ಅಕ್ಕನ ಕಣ್ಣಿಗೆ ಬೀಳುತ್ತಿತ್ತು. ಕೊಯ್ಲಿಗೆ ಮುಂಚಿನ ನಾಲ್ಕಾರು ಬೆಳಿಗ್ಗೆ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಆಮೇಲೆ ನೀರಿಗಿಳಿದು, ಗೂಡಿನ ಸುತ್ತಲ ಜೊಂಡಿನ ತುದಿಗಳನ್ನು ಸೇರಿಸಿ ಗಂಟು ಹಾಕುತ್ತಿದ್ದಳು. ಗಂಟಿದ್ದ ಕಡೆ ಕೊಯ್ಯಬೇಡಿ ಎಂದು ಎಲ್ಲರನ್ನೂ ಬೇಡುತ್ತಿದ್ದಳು.

“ಏನೇ, ಹಕ್ಕಿಗೆ ಜಡೆ ಹಾಕ್ತಿದ್ದೀಯಾ? ಹೂವೂ ಮುಡಿಸ್ಬಿಡು!” ಎಂದು ಎದುರುಮನೆಯ ಅಜ್ಜಿ ರೇಗಿಸುತ್ತಿದ್ದಳು.

“ಮುಡಿಸ್ತೀನಿ ಅಜ್ಜಿ, ನೀನು ಕುಡುಗೋಲು ದೂರ ಇಟ್ಕೊ,” ಎನ್ನುತ್ತಿದ್ದಳು ಅಕ್ಕ.

ಅವಳು ಮದುವೆಯಾಗಿ ವಸಂತಪುರಕ್ಕೆ ಹೋದ ವರ್ಷ ಕೊಯ್ಲಿಗೆ ಬರಲಾಗಲಿಲ್ಲ. “ನೀನು ನೋಡ್ಕೋ” ಎಂದು ನನಗೆ ಹೇಳಿಕಳಿಸಿದಳು. ನನಗೆ ಆಗ ಹನ್ನೊಂದು ವರ್ಷ. ಎರಡು ಬೆಳಿಗ್ಗೆ ಕಾದೆ. ಹುಳು ಕಚ್ಚಿಕೊಂಡ ಹಕ್ಕಿಯೊಂದು ಪದೇಪದೇ ಒಂದೇ ಕಡೆ ಇಳಿಯಿತು. ಅಲ್ಲೇ ಗಂಟು ಹಾಕಿ ಎದೆಯುಬ್ಬಿಸಿ ನಿಂತೆ.

ಕೊಯ್ಲಿನ ಸಾಲು ಹತ್ತಿರ ಬಂತು. ಅಜ್ಜಿ ನನ್ನ ಗಂಟಿನ ಮುಂದೆ ಕೈ ತಡೆದು, ಜೊಂಡು ಸರಿಸಿ ಇಣುಕಿದಳು. ಗೂಡಿರಲಿಲ್ಲ. ಹಾಗಾದರೆ ಅದು ಎಲ್ಲೋ ಕುಡುಗೋಲಿನ ದಾರಿಯಲ್ಲೇ ಇದೆ. ನನಗೆ ಅಳು ಬಂತು.

“ಇಳಿದ ಕಡೆ ಅಲ್ಲ ಮಗಾ, ಎದ್ದ ಕಡೆ ನೋಡ್ಬೇಕು,” ಎಂದಳು ಅಜ್ಜಿ. “ಭಾರೀ ಕಳ್ಳಿ ಇದು. ದೂರ ಇಳಿದು ಒಳಗೊಳಗೇ ನುಸುಳ್ಕೊಂಡು ಹೋಗ್ತದೆ. ಗೂಡು ಹೊಲಸಾಗ್ಬಾರ್ದು ಅಂತ ಮರಿಗಳ ಹಿಕ್ಕೆ ಕಚ್ಕೊಂಡು ಏಳೋದು ಮಾತ್ರ ಗೂಡಿಂದ್ಲೇ. ನಿಮ್ಮಕ್ಕ ನಿಂಗೆ ಹೇಳ್ಕೊಟ್ಟಿಲ್ವಾ? ನಮಗೆ ಹೇಳೀ ಹೇಳೀ ತಲೆ ತಿಂದವ್ಳೆ!”

ಇಡೀ ಸಾಲು ಕುಡುಗೋಲು ತಗ್ಗಿಸಿ, ಮಾತು ನಿಲ್ಲಿಸಿ ಕಾದಿತು. ಮೂರು ಮಾರು ಆಚೆ ಹಕ್ಕಿಯೊಂದು ಬಿಳಿಯದೇನನ್ನೋ ಕಚ್ಚಿಕೊಂಡು ಮೇಲೆದ್ದಿತು. ಅಜ್ಜಿ ಮೊಣಕಾಲುದ್ದದ ನೀರಿನಲ್ಲಿ ಅಲ್ಲಿಗೆ ನಡೆದು, ಬಾಯಿ ತೆರೆದ ಮೂರು ಮರಿಗಳ ಮೇಲೆ ಜೊಂಡು ಸೇರಿಸಿ ಗಂಟು ಬಿಗಿದಳು, ಥೇಟ್ ಅಕ್ಕನ ಹಾಗೆ.

ಸಾಲು ಆ ಗಂಟನ್ನು ಸುತ್ತಿಬಳಸಿ ಮುಂದೆ ಹೋಯಿತು.