ಒತ್ತಿ ಹಿಡಿದ ಕೆಂಪು ಗುಂಡಿ

ನಾರಿನ ಯಂತ್ರ ನಿಂತರೆ ನಮ್ಮ ಸೋದರಮಾವನ ಮೈಮೇಲೆ ದೆವ್ವ ಬರುತ್ತಿತ್ತು. ಅಂದು ಬೆಳಿಗ್ಗೆ ಅದು ಒಂಬತ್ತನೇ ಸಲ ನಿಂತಾಗ ತೆಂಗಿನ ಸಿಪ್ಪೆಯೊಂದನ್ನು ಎತ್ತಿ ನನ್ನ ಎದೆಗೇ ಬೀಸಿದ.

"ಏನ್ಲಾ, ಓದ್ದೋನು ಅಂತ ನಿನ್ ಕೈಗೆ ಕೊಟ್ರೆ ಹಿಂಗಾ ಮಾಡೋದು? ಇವತ್ತು ಇದು ನಿಲ್ದಂಗೆ ಮಾಡು, ಇಲ್ಲಾಂದ್ರೆ ನಿನ್ನೂ ಇದ್ರೊಳಗೇ ತುರುಕ್ತೀನಿ!"

ನನ್ನದೂ ಅದೇ ರಕ್ತ. "ಧೂಳು ಹಾರ್ತೈತೆ, ನಾನೇನ್ ಸಾಯ್ಲಾ?" ಎಂದು ಸ್ಪ್ಯಾನರ್ ನೆಲಕ್ಕೆ ಕುಕ್ಕಿದೆ.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿತ್ತು ಮಾವನ ಗಿರಣಿ. ಹಲ್ಲಿನ ರೋಲರ್‌ಗೆ ಸಿಪ್ಪೆ ಕೊಟ್ಟರೆ ಸಿಗಿದು ಆಚೆ ನಾರು ಉಗುಳುತ್ತಿತ್ತು. ಅದನ್ನು ನಡೆಸಲು ಪುಟ್ಟ ಕಂಪ್ಯೂಟರ್ ಕೂರಿಸಿ, ಅದರ ಕರ್ನಲ್ಲಿಗೆ, ಅಂದರೆ ಒಳಗಿನ ಮೂಲ ತಂತ್ರಾಂಶಕ್ಕೆ, ಯಂತ್ರದ ಮಾತು ಮುಟ್ಟಿಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ನಾರು ಬೀಳುವ ಕಡೆ ಬೆಳಕಿನ ಕಣ್ಣೊಂದಿತ್ತು, ಒಂದು ಸೆನ್ಸರ್. ಅಲ್ಲಿ ನಾರು ಕಟ್ಟಿಕೊಂಡರೆ ಕಂಪ್ಯೂಟರಿಗೆ ಇಂಟರಪ್ಟ್ ಹೋಗುತ್ತಿತ್ತು. ಇದ್ದ ಕೆಲಸ ಬಿಟ್ಟು ಮೊದಲು ಇತ್ತ ನೋಡು ಎಂಬ ಕೂಗು ಅದು; ಬಂದೊಡನೆ ಕಂಪ್ಯೂಟರ್ ಮೋಟಾರು ನಿಲ್ಲಿಸುತ್ತಿತ್ತು. ಸಿಪ್ಪೆ ಕೊಡುವ ಕಡೆ, ಅಪಾಯವಾದರೆ ಒತ್ತಲು ಇದ್ದ ಕೆಂಪು ಗುಂಡಿಯನ್ನೂ ಅದೇ ತಂತಿಗೆ ಸೇರಿಸಿದ್ದೆ. ಮೊದಲು ಆ ಗುಂಡಿ ಸೀದಾ ಮೋಟಾರಿನ ಕರೆಂಟನ್ನೇ ನಿಲ್ಲಿಸುತ್ತಿತ್ತು. ಆ ಜೋಡಣೆ ಹಳೇ ಕಾಲದ್ದು ಎಂದು ನಾನೇ ಕಿತ್ತುಹಾಕಿದ್ದೆ. ನನ್ನ ಜಂಬಕ್ಕೆ ಬೆಂಕಿ ಹಾಕ!

ಧೂಳು ಹಾರಿದರೂ ಕಣ್ಣು ಕೂಗುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ಮಾವನ ಬೈಗುಳ ಕೇಳುತ್ತಲೇ ಡ್ರೈವರಿಗೆ ನಾಲ್ಕು ಸಾಲು ಸೇರಿಸಿದೆ: ಕಣ್ಣಿನ ಕೂಗು ಬಂದರೆ ಎರಡು ಸೆಕೆಂಡು ಆ ತಂತಿಯ ಯಾವ ಕೂಗಿಗೂ ಕಿವಿಗೊಡಬೇಡ, ಆಮೇಲೂ ನಾರು ಕಂಡರೆ ಮಾತ್ರ ನಿಲ್ಲು. ಧೂಳಿಲ್ಲದಾಗ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದೆ, ನಿಂತಿತು. ಸಾಕು ಅನ್ನಿಸಿತು. ಯಂತ್ರ ಒಂದು ಗಂಟೆ ಬಿಡದೆ ಓಡಿತು. ಮಾವ ಬೆನ್ನಿಗೆ ಗುದ್ದಿ, "ಭೇಷ್ ಕಣ್ಲಾ" ಎಂದ.

ಸಿಪ್ಪೆ ಕೊಡುತ್ತಿದ್ದವಳು ಹುಲಿಕೆರೆಯ ಹೆಂಗಸು, ನಾನು ಅಕ್ಕ ಅನ್ನುತ್ತಿದ್ದೆ. ಅವಳ ಕೂಗು ಕೇಳಿ ಓಡಿದೆ. ಬಲಗೈ ಮಣಿಕಟ್ಟಿನವರೆಗೆ ರೋಲರಿನಲ್ಲಿತ್ತು. ಎಡಗೈಯಿಂದ ಕೆಂಪು ಗುಂಡಿಯನ್ನು ಒತ್ತಿ ಹಿಡಿದಿದ್ದಳು. ಯಂತ್ರ ನಿಲ್ಲಲಿಲ್ಲ. ಮೂಳೆ ಮುರಿಯುವ ಸದ್ದು ಕೇಳಿಸಿತು, ನಾರಿನ ಜೊತೆ ರಕ್ತ ಎರಚಿತು. ಮಾವ ಮಚ್ಚು ತಂದು ಕೇಬಲ್ಲಿಗೆ ಬೀಸಿದ. ಕಿಡಿ ಸಿಡಿದು ಅವನು ಹಿಂದಕ್ಕೆ ಬಿದ್ದ. ಆಗ ನಿಂತಿತು.

ಅವಳು ಒತ್ತಿದ್ದು ಧೂಳಿಗೆ ಕಣ್ಣು ಕೂಗಿದ ಮೇಲಿನ ಆ ಎರಡು ಸೆಕೆಂಡಿನೊಳಗೆ. ನನ್ನ ಡ್ರೈವರ್ ಗುಂಡಿ ಒಳಗೆ ಹೋದ ಕ್ಷಣವನ್ನು ಮಾತ್ರ ಕೂಗು ಎನ್ನುತ್ತದೆ, ಒತ್ತಿ ಹಿಡಿದಿರುವುದನ್ನಲ್ಲ. ಬಿಟ್ಟು ಮತ್ತೆ ಒತ್ತಿದ್ದರೆ ನಿಲ್ಲುತ್ತಿತ್ತೇನೋ. ಕೈ ಸಿಗಿದುಹೋಗುತ್ತಿರುವಾಗ ಯಾರಾದರೂ ಬಿಡುತ್ತಾರೆಯೇ?

ಹಾಸನದ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೈ ತೆಗೆದರು. ಇದನ್ನೆಲ್ಲ ಹೇಳಿದಾಗ ಮಾವ ಹೊರಗೆ ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದ. "ಅವ್ಳೇ ಸರಿಯಾಗಿ ಒತ್ತಿಲ್ಲ ಅಂತ ಹೇಳು. ನಿಜ ಬಾಯ್ಬಿಟ್ಟೆ ಅಂದ್ರೆ ಹಲ್ಲು ಉದುರಿಸ್ತೀನಿ."

ಒಳಗೆ ಹೋದೆ. ನನ್ನನ್ನು ನೋಡಿದವಳೇ ಅಳುತ್ತಾ ಕೇಳಿದಳು: "ನಾನು ಗಟ್ಟಿಯಾಗಿ ಒತ್ಲಿಲ್ವೇನಣ್ಣ? ತಪ್ಪು ನಂದೇ ಅಂತವ್ರೆ ಎಲ್ರೂ."

ಬಾಗಿಲಲ್ಲಿ ಮಾವ ನಿಂತಿದ್ದ.

"ಗಟ್ಟಿಯಾಗೇ ಒತ್ತಿದ್ಯಕ್ಕ. ಒತ್ತಿದ್ರೂ ನಿಲ್ದಂಗೆ ಮಾಡಿದ್ದು ನಾನು."

ಅವಳು ಅಳುವುದನ್ನು ನಿಲ್ಲಿಸಿದಳು. ಹತ್ತಿರ ಬಾ ಎಂದು ಕರೆದಳು. ಬಗ್ಗಿದೆ. ಉಳಿದಿದ್ದ ಆ ಒಂದೇ ಕೈಯನ್ನು ಎತ್ತಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನನ್ನ ಕೆನ್ನೆಗೆ ಬಾರಿಸಿದಳು.